ಪಕ್ಕದೂರಿನ ಪೊಲೀಸ್ ನಮ್ಮೂರಿಗೆ ಬಂದ್ರೆ: ಪೊಲೀಸ್ ಕಾಂಟ್ರಾಕ್ಟ್ ಓದೋದು ಹೇಗೆ, ಏನೇನು ಕೇಳ್ಬೇಕು

ಕ್ಯಾಲಿಫೋರ್ನಿಯಾದ ಸಣ್ಣ ಊರುಗಳಲ್ಲಿ ಮನೆ ತಗೊಂಡಿರೋ ನಮ್ಮ ಕನ್ನಡದವರು ಪದೇ ಪದೇ ಕೇಳೋ ಪ್ರಶ್ನೆ ಇದು: ಸಿಟಿ ಕೌನ್ಸಿಲ್ ಅಜೆಂಡಾದಲ್ಲಿ ಪೊಲೀಸ್ ಸರ್ವಿಸ್ ಕಾಂಟ್ರಾಕ್ಟ್ ಅಂತ ಬಂದಿದೆ, ಹಂಗಂದ್ರೆ ನಮ್ಮೂರಿನ ಪೊಲೀಸ್ ಇಲಾಖೆನೇ ಮುಚ್ಚಿಬಿಡ್ತಾರಾ, ಪಕ್ಕದೂರಿನವ್ರು ಬರ್ತಾರಾ, 911ಗೆ ಫೋನ್ ಮಾಡಿದ್ರೆ ಯಾರು ಎತ್ತುತ್ತಾರೆ, ಟ್ಯಾಕ್ಸ್ ಕಡಿಮೆ ಆಗುತ್ತಾ? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯೋ ಬದ್ಲು ಎಲ್ಲಾ ಒಂದೇ ಕಡೆ ಬರೀತಿದ್ದೀನಿ.

ಈ ಗೊಂದಲ ಸಹಜ. ಭಾರತದಲ್ಲಿ ಪೊಲೀಸ್ ಅನ್ನೋದು ಸಂವಿಧಾನದ ಏಳನೇ ಶೆಡ್ಯೂಲ್ ಪ್ರಕಾರ ರಾಜ್ಯ ಸರ್ಕಾರದ ವಿಷಯ, ನಗರಸಭೆಗೆ ಅದರಲ್ಲಿ ಕೈಯಿಲ್ಲ, ಇನ್‌ಸ್ಪೆಕ್ಟರ್ ವರ್ಗಾವಣೆ ಮಾಡೋದು ನಿಮ್ಮ ವಾರ್ಡಿನ ಸದಸ್ಯರಲ್ಲ. ಇಲ್ಲಿ ಉಲ್ಟಾ. ಊರಿಗೆ ಪೊಲೀಸ್ ಒದಗಿಸೋದು ಸಿಟಿಯ ಜವಾಬ್ದಾರಿ, ಸಿಟಿ ತನ್ನ ಬಜೆಟ್‌ನಿಂದ್ಲೇ ದುಡ್ಡು ಕೊಡುತ್ತೆ, ಸ್ವಂತ ಇಲಾಖೆ ಇಟ್ಕೊಳ್ಳೋದಾ ಬೇರೆಯವರಿಂದ ತಗೊಳ್ಳೋದಾ ಅಂತ ಕೌನ್ಸಿಲ್ಲೇ ತೀರ್ಮಾನ ಮಾಡುತ್ತೆ. ಹಾಗಾಗಿ ನೀವು ಮಾತಾಡಿದ್ರೆ ಕೇಳಿಸುತ್ತೆ, ಇದನ್ನ ಮೊದ್ಲು ಮನಸ್ಸಲ್ಲಿ ಇಟ್ಕೊಳ್ಳಿ.

ಇನ್ನೊಂದು ಮಾತು. ಇಂಥ ಕಾಂಟ್ರಾಕ್ಟ್ ಬಂದಾಗ ಎಲ್ಲರೂ ನೋಡೋದು ವರ್ಷಕ್ಕೆ ಎಷ್ಟು ಮಿಲಿಯನ್ ಉಳಿಯುತ್ತೆ ಅನ್ನೋ ಒಂದು ಸಾಲು. ಅದನ್ನ ಕೊನೆಗೆ ನೋಡಿ ಅಂತ ನಾನು ಹೇಳ್ತೀನಿ. ಸೇವೆ ಹೊರಗಿನಿಂದ ಬರಬಹುದು, ಹೊಣೆ ಮಾತ್ರ ನಿಮ್ಮ ಸಿಟಿದೇ ಆಗಿರುತ್ತೆ, ಅದಕ್ಕೆ ಕಾಂಟ್ರಾಕ್ಟ್‌ನಲ್ಲಿ ಬರೆಸಿಕೊಳ್ಳದೆ ಇರೋದು ಯಾವುದೂ ಆಮೇಲೆ ನಿಮಗೆ ಸಿಗಲ್ಲ. ಇದು ವಕೀಲರ ಸಲಹೆ ಅಲ್ಲ, ಊರಿನ ನಿವಾಸಿಯಾಗಿ ಏನು ಓದ್ಬೇಕು ಏನು ಕೇಳ್ಬೇಕು ಅನ್ನೋದಷ್ಟೇ. ಕ್ಯಾಲಿಫೋರ್ನಿಯಾಗೆ ಮಾತ್ರ ಅನ್ವಯಿಸಿ ಬರೆದಿದ್ದೀನಿ, ಬೇರೆ ರಾಜ್ಯಗಳ ಪದ್ಧತಿ ಬೇರೆ. ಉದಾಹರಣೆಗೆ ಪೆನ್ಸಿಲ್ವೇನಿಯಾದಲ್ಲಿ ಸ್ವಂತ ಪೊಲೀಸ್ ಇಲ್ಲದ ಊರಿಗೆ ರಾಜ್ಯದ ಪೊಲೀಸರು ಬರ್ತಾರೆ.

ಶುರು ಮಾಡೋಕೆ ಮುಂಚೆ ಇವಿಷ್ಟು ಕೈಯಲ್ಲಿರಲಿ: ಈಗಿನ ಸಿಟಿ ಬಜೆಟ್‌ನ ಪೊಲೀಸ್ ಪುಟಗಳು, ಕೌನ್ಸಿಲ್ ಮುಂದೆ ಬಂದಿರೋ ಸ್ಟಾಫ್ ರಿಪೋರ್ಟ್ (ಸಿಟಿ ಅಧಿಕಾರಿಗಳು ಕೌನ್ಸಿಲ್‌ಗೆ ಬರೆಯೋ ಟಿಪ್ಪಣಿ), ಕಾಂಟ್ರಾಕ್ಟ್‌ನ ಕರಡು, ಮತ್ತೆ ಈಗಾಗ್ಲೇ ಕಾಂಟ್ರಾಕ್ಟ್ ಇದ್ದರೆ ಹಳೇ ಪ್ರತಿ. ವೆಬ್‌ಸೈಟ್‌ನಲ್ಲಿ ಸಿಗದಿದ್ರೆ ಸಿಟಿ ಕ್ಲರ್ಕ್‌ಗೆ ಪಬ್ಲಿಕ್ ರೆಕಾರ್ಡ್ಸ್ ಕಾಯ್ದೆಯಡಿ ಅಂತ ಎರಡು ಸಾಲಿನ ಈಮೇಲ್ ಹಾಕಿ, ನಮ್ಮ ಮಾಹಿತಿ ಹಕ್ಕಿನ ಥರದ್ದೇ ಕಾನೂನು ಅದು, ಕಾರಣ ಹೇಳೋ ಅಗತ್ಯ ಇಲ್ಲ.

ಹಂತ 1: ನಿಮ್ಮೂರಲ್ಲಿ ಈಗ ಯಾವ ವ್ಯವಸ್ಥೆ ಇದೆ ಅಂತ ಗುರುತಿಸಿ

ಸ್ವಂತ ಇಲಾಖೆ ಬಿಟ್ರೆ ಮುಖ್ಯವಾಗಿ ಮೂರು ಥರ ಇದೆ.

ಒಂದು, ಕೌಂಟಿ ಶೆರಿಫ್ ಜೊತೆ ಕಾಂಟ್ರಾಕ್ಟ್. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ, ಶೆರಿಫ್ ಅಂದ್ರೆ ಇಡೀ ಕೌಂಟಿಗೆ ಜನರೇ ಚುನಾಯಿಸೋ ಪೊಲೀಸ್ ಮುಖ್ಯಸ್ಥ, ಅವರ ಕೆಳಗಿನವರು ಡೆಪ್ಯೂಟಿಗಳು. 1954ರಲ್ಲಿ ಲಾಸ್ ಏಂಜಲಿಸ್ ಪಕ್ಕದ ಲೇಕ್‌ವುಡ್ ಅನ್ನೋ ಊರು, ಲಾಂಗ್ ಬೀಚ್ ನಗರದೊಳಗೆ ಸೇರಿಹೋಗೋದು ಬೇಡ ಅಂತ ತಾನೇ ಸಿಟಿಯಾಯ್ತು, ಆದ್ರೆ ಸ್ವಂತ ಇಲಾಖೆಗಳನ್ನ ಕಟ್ಟದೆ ಪೊಲೀಸೂ ಸೇರಿ ಸೇವೆಗಳನ್ನ ಕೌಂಟಿಯಿಂದಲೇ ಕೊಂಡ್ಕೊಳ್ತು. ಇವತ್ತಿಗೂ ಈ ಪದ್ಧತಿಯನ್ನ ಲೇಕ್‌ವುಡ್ ಪ್ಲಾನ್ ಅಂತಾರೆ. ನಮ್ಮವರು ತುಂಬಾ ಜನ ಇರೋ ಕ್ಯೂಪರ್ಟಿನೋ, ಸಾರಟೋಗ, ಹಾಗೇ ಲಾಸ್ ಆಲ್ಟೋಸ್ ಹಿಲ್ಸ್, ಮೂರಕ್ಕೂ ಸ್ವಂತ ಪೊಲೀಸ್ ಇಲಾಖೆ ಇಲ್ಲ, ಸಾಂಟಾ ಕ್ಲಾರಾ ಕೌಂಟಿ ಶೆರಿಫ್ ಕಚೇರಿಯಿಂದ ಕಾಂಟ್ರಾಕ್ಟ್ ಮೇಲೆ ಬರೋದು. ಎಷ್ಟೋ ವರ್ಷದಿಂದ ಅಲ್ಲಿದ್ದವರಿಗೂ ಇದು ಗೊತ್ತಿರಲ್ಲ.

ಎರಡು, ಪಕ್ಕದ ಊರಿನ ಜೊತೆ ಕಾಂಟ್ರಾಕ್ಟ್. ಅಲ್ಲೇ ಪಕ್ಕದಲ್ಲಿ ಮಾಂಟೆ ಸೆರೆನೊ ಅನ್ನೋ ಪುಟ್ಟ ಊರಿದೆ, ಅದಕ್ಕೆ ಪೊಲೀಸ್ ಸೇವೆ ಕೊಡೋದು ಲಾಸ್ ಗ್ಯಾಟೋಸ್, ಇಲಾಖೆಯ ಹೆಸರಲ್ಲೇ ಎರಡೂ ಊರಿನ ಹೆಸರಿದೆ. ಇಲ್ಲಿ ಮುಖ್ಯಸ್ಥರು ಚುನಾಯಿತರಲ್ಲ, ಸೇವೆ ಕೊಡೋ ಊರಿನ ನೌಕರರು.

ಮೂರು, ಜಂಟಿ ಪ್ರಾಧಿಕಾರ. ಊರುಗಳು ಸೇರಿ ಒಂದು ಹೊಸ ಸಂಸ್ಥೆ ಮಾಡಿ ಅದರ ಬೋರ್ಡ್‌ನಲ್ಲಿ ಪ್ರತಿ ಊರಿಂದಲೂ ಕೂರ್ತಾರೆ. ಮರಿನ್ ಕೌಂಟಿಯಲ್ಲಿ ಲಾರ್ಕ್‌ಸ್ಪರ್, ಕೋರ್ಟೆ ಮಡೇರಾ, ಸ್ಯಾನ್ ಆನ್ಸೆಲ್ಮೋ ಸೇರಿ 2013ರಿಂದ ಸೆಂಟ್ರಲ್ ಮರಿನ್ ಪೊಲೀಸ್ ಪ್ರಾಧಿಕಾರ ನಡೆಸ್ತಿವೆ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದ್ರೆ, ದೂರು ಯಾರಿಗೆ ಕೊಡ್ಬೇಕು, ಮುಖ್ಯಸ್ಥರನ್ನ ಯಾರು ಬದಲಾಯಿಸಬಹುದು ಅನ್ನೋದು ಇದರ ಮೇಲೇ ನಿಂತಿದೆ. ಶೆರಿಫ್‌ನ ನಿಮ್ಮ ಕೌನ್ಸಿಲ್ ತೆಗೆಯೋಕೆ ಆಗಲ್ಲ. ಪಕ್ಕದೂರಿನ ಚೀಫ್‌ನೂ ತೆಗೆಯೋಕೆ ಆಗಲ್ಲ, ಅದು ಆ ಊರಿನ ಸಿಟಿ ಮ್ಯಾನೇಜರ್ (ಕೌನ್ಸಿಲ್ ನೇಮಿಸೋ ಆಡಳಿತಾಧಿಕಾರಿ) ಅಥವಾ ಕೌನ್ಸಿಲ್ ಕೈಯಲ್ಲಿರುತ್ತೆ, ಅವರಿಗೆ ನೀವು ವೋಟ್ ಹಾಕೋದೂ ಇಲ್ಲ. ಜಂಟಿ ಪ್ರಾಧಿಕಾರದಲ್ಲಿ ಮಾತ್ರ ನಿಮ್ಮೂರಿನವರು ಬೋರ್ಡ್‌ನಲ್ಲಿ ಕೂತು ಮತ ಹಾಕ್ತಾರೆ. ನನಗೆ ಕೇಳಿದ್ರೆ ಎರಡೂ ಊರು ಹೆಚ್ಚುಕಡಿಮೆ ಒಂದೇ ಗಾತ್ರ ಇದ್ರೆ ಜಂಟಿ ಪ್ರಾಧಿಕಾರ ಒಳ್ಳೇದು, ಕಟ್ಟೋಕೆ ಸಮಯ ಹಿಡಿದ್ರೂ ಪರವಾಗಿಲ್ಲ.

ಹಂತ 2: ನಿಮ್ಮೂರಿಗೆ ನಿಜವಾಗ್ಲೂ ಏನು ಬೇಕು ಅಂತ ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಹೆಚ್ಚಿನ ಜನ ಎಡವೋದು ಇಲ್ಲೇ.

"ನಮಗೆ ಐದು ಜನ ಆಫೀಸರ್ ಸಿಗ್ತಾರೆ" ಅಂದ್ರೆ ರಸ್ತೆಯಲ್ಲಿ ಯಾವಾಗಲೂ ಐದು ಜನ ಇರ್ತಾರೆ ಅಂತಲ್ಲ. ವರ್ಷಕ್ಕೆ 8,760 ಗಂಟೆ. ವಾರಕ್ಕೆ 40 ಗಂಟೆ ಕೆಲಸ ಮಾಡೋ ಒಬ್ಬರಿಗೆ ವರ್ಷಕ್ಕೆ 2,080 ಗಂಟೆಯ ಸಂಬಳ, ಅದರಲ್ಲಿ ರಜೆ, ಕಾಯಿಲೆ, ಟ್ರೈನಿಂಗ್, ಕೋರ್ಟಿಗೆ ಹೋಗೋದು ಅಂತ ಒಂದು 350 ಗಂಟೆ ಹೋಯ್ತು ಅಂತ ಇಟ್ಕೊಳ್ಳಿ, ಉಳಿದಿದ್ದು 1,730. 8,760ನ 1,730ರಿಂದ ಭಾಗಿಸಿದ್ರೆ ಐದಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತೆ. ಅಂದ್ರೆ ಹಗಲೂ ರಾತ್ರಿ ಒಂದೇ ಒಂದು ಕಾರು ರಸ್ತೆಯಲ್ಲಿರ್ಬೇಕು ಅಂದ್ರೆ ಐದು ಜನಕ್ಕೆ ಸಂಬಳ ಕೊಡ್ಬೇಕು. ಇದನ್ನ ಇಲ್ಲಿ ರಿಲೀಫ್ ಫ್ಯಾಕ್ಟರ್ ಅಂತಾರೆ, ಒಂದು ಜಾಗ ಖಾಲಿ ಬೀಳದ ಹಾಗೆ ನೋಡ್ಕೊಳ್ಳೋಕೆ ಎಷ್ಟು ಜನ ಬೇಕು ಅನ್ನೋ ಲೆಕ್ಕ. ಆದ್ರಿಂದ "ಎಷ್ಟು ಜನ" ಅಂತ ಕೇಳ್ಬೇಡಿ, "ಯಾವ ಹೊತ್ತಲ್ಲಿ ಎಷ್ಟು ಕಾರು ನಮ್ಮ ಗಡಿಯೊಳಗೆ ಇರುತ್ತೆ" ಅಂತ ಕೇಳಿ. ಬೆಳಗಿನ ಜಾವ 3 ಗಂಟೆಗೆ ಎಷ್ಟು ಅಂತ ಬೇರೆಯಾಗಿ ಕೇಳಿ.

ಆಮೇಲೆ ಕಳೆದ ಎರಡು ಮೂರು ವರ್ಷದ ಕರೆಗಳ ಪಟ್ಟಿ ತರಿಸಿ. ಎಷ್ಟು ಕರೆ ಕಳ್ಳತನದ್ದು, ಎಷ್ಟು ಟ್ರಾಫಿಕ್‌ದು, ಎಷ್ಟು ಸುಳ್ಳು ಅಲಾರಂ, ಎಷ್ಟು ಮಾನಸಿಕ ಆರೋಗ್ಯದ್ದು. ಮನೆ ಅಲಾರಂ ಮತ್ತು ಟ್ರಾಫಿಕ್ಕೇ ಜಾಸ್ತಿ ಇರೋ ಊರಿಗೂ, ರಾತ್ರಿ ಅಂಗಡಿ ಬಾಗಿಲು ಒಡೆಯೋ ಕೇಸ್ ಜಾಸ್ತಿ ಇರೋ ಊರಿಗೂ ಒಂದೇ ಥರದ ಕಾಂಟ್ರಾಕ್ಟ್ ಆಗಲ್ಲ.

ಟ್ರಾಫಿಕ್ ಬಗ್ಗೆ ಒಂದು ಎಚ್ಚರಿಕೆ: ಸಿಟಿ ಆಗದೆ ಇರೋ ಕೌಂಟಿ ಜಾಗಗಳಲ್ಲಿ ರಸ್ತೆ ನೋಡ್ಕೊಳ್ಳೋದು ರಾಜ್ಯದ ಹೈವೇ ಪೆಟ್ರೋಲ್. ಸಿಟಿ ರಸ್ತೆಗೆ ಅವರು ಬರಲ್ಲ, ಅದು ನಿಮ್ಮ ಜವಾಬ್ದಾರಿ. ಪಕ್ಕದ ಕೌಂಟಿ ಜಾಗದಲ್ಲಿ ಇಷ್ಟು ಕಮ್ಮಿ ಖರ್ಚಲ್ಲಿ ನಡೀತಿದೆಯಲ್ಲ ಅಂತ ಹೋಲಿಸೋರು ಇದನ್ನ ಮರೀತಾರೆ.

ಹಂತ 3: ಏನು ಸೇರಿದೆ ಏನು ಸೇರಿಲ್ಲ ಅಂತ ಪಟ್ಟಿ ಮಾಡಿ

ಗಸ್ತು ಸೇರಿರುತ್ತೆ, ಅದು ಸರಿ. ಇವುಗಳನ್ನ ಒಂದೊಂದಾಗಿ ಕೇಳಿ: ಡಿಟೆಕ್ಟಿವ್‌ಗಳ ಕೆಲಸ, ಶಾಲೆಗೆ ನೇಮಿಸಿರೋ ಆಫೀಸರ್, ಶಾಲೆ ಹತ್ರ ಮಕ್ಕಳನ್ನ ರಸ್ತೆ ದಾಟಿಸೋರು, ಪಾರ್ಕಿಂಗ್ ಟಿಕೆಟ್, ನಾಯಿ ಬೆಕ್ಕಿನ ವಿಷಯ, 911 ಕರೆ ಎತ್ತಿ ಕಾರು ಕಳಿಸೋ ಡಿಸ್ಪ್ಯಾಚ್, ಸಾಕ್ಷ್ಯಗಳನ್ನ ಇಡೋ ಕೋಣೆ. ನಿಮ್ಮೂರಿನ ಸ್ವಂತ ಕಾನೂನುಗಳು, ರಾತ್ರಿ 10ರ ಮೇಲೆ ಸದ್ದು ಮಾಡಬಾರದು ಅನ್ನೋ ಥರದ್ದು, ಅವನ್ನ ಜಾರಿ ಮಾಡೋದು ಯಾರು ಅಂತಲೂ ಕೇಳಿ. ಇದನ್ನ ಬರೀದೆ ಬಿಟ್ರೆ ಪಕ್ಕದ ಮನೆ ಪಾರ್ಟಿ ಸದ್ದಿಗೆ ಫೋನ್ ಮಾಡಿದಾಗ ಆ ಕಡೆಯವರು ಸಿಟಿ ಆಫೀಸಿಗೆ ಹೇಳಿ ಅಂತಾರೆ, ಸಿಟಿ ಆಫೀಸ್ ಆ ಹೊತ್ತಿಗೆ ಬಾಗಿಲು ಹಾಕಿರುತ್ತೆ.

ಹಂತ 4: ದುಡ್ಡಿನ ಲೆಕ್ಕ

ಮೊದಲ ವರ್ಷದ ದರ ಸಾಮಾನ್ಯವಾಗಿ ಕಡಿಮೆನೇ ಕಾಣುತ್ತೆ, ಅದರಲ್ಲಿ ಮೋಸ ಏನಿಲ್ಲ, ಒಬ್ಬ ಚೀಫ್, ಒಂದು ಡಿಸ್ಪ್ಯಾಚ್ ಕೇಂದ್ರ, ಒಂದು ಡಿಟೆಕ್ಟಿವ್ ತಂಡದ ಖರ್ಚನ್ನ ಎರಡು ಊರು ಹಂಚ್ಕೊಂಡಾಗ ಕಡಿಮೆ ಆಗ್ಲೇಬೇಕು. ನೋಡ್ಬೇಕಾಗಿರೋದು ಎರಡನೇ ವರ್ಷದಿಂದ ಐದನೇ ವರ್ಷ. ಸೇವೆ ಕೊಡೋರು ತಮ್ಮ ಯೂನಿಯನ್ ಜೊತೆ ಸಂಬಳ ಮಾತಾಡುವಾಗ ನಿಮ್ಮೂರಿನವರು ಆ ಕೋಣೆಯಲ್ಲಿ ಇರಲ್ಲ, ಅವರು ಒಪ್ಪಿಕೊಂಡ ಏರಿಕೆ ನೇರವಾಗಿ ನಿಮ್ಮ ಬಿಲ್ಲಿಗೆ ಬರುತ್ತೆ. ಅದಕ್ಕೆ ವರ್ಷಕ್ಕೆ ಇಷ್ಟಕ್ಕಿಂತ ಜಾಸ್ತಿ ಏರಿಸೋ ಹಾಗಿಲ್ಲ ಅನ್ನೋ ಮಿತಿ ಇದೆಯಾ ನೋಡಿ. ಇಲ್ಲದಿದ್ರೆ ಕನಿಷ್ಠ ಬಜೆಟ್ ಮಾಡೋಕೆ ಮುಂಚೆ, ಅಂದ್ರೆ ಜುಲೈ 1ಕ್ಕೆ ಶುರುವಾಗೋ ಹಣಕಾಸು ವರ್ಷಕ್ಕೆ ಕೆಲವು ತಿಂಗಳು ಮುಂಚೆ, ಹೊಸ ದರ ತಿಳಿಸ್ಬೇಕು ಅಂತಾದ್ರೂ ಇರಲಿ.

ಓವರ್‌ಹೆಡ್ ಅಂತ ಒಂದು ಸಾಲು ಇರುತ್ತೆ, ಕಚೇರಿ, ಆಡಳಿತ, ಕಂಪ್ಯೂಟರ್ ಇತ್ಯಾದಿ ಮೇಲ್ಖರ್ಚು. ಕೌಂಟಿ ಜೊತೆ ಕಾಂಟ್ರಾಕ್ಟ್ ಆದ್ರೆ ನಿಮಗೊಂದು ರಕ್ಷಣೆ ಇದೆ, ಕ್ಯಾಲಿಫೋರ್ನಿಯಾ ಸರ್ಕಾರಿ ಸಂಹಿತೆಯ (ಗವರ್ನಮೆಂಟ್ ಕೋಡ್) 51350ನೇ ಸೆಕ್ಷನ್ ಪ್ರಕಾರ ಕೌಂಟಿಯ ಸಾಮಾನ್ಯ ಆಡಳಿತದ ಖರ್ಚನ್ನೂ, ಇಡೀ ಕೌಂಟಿಗೆ ಹೇಗಿದ್ರೂ ಕೊಡೋ ಸೇವೆಯ ಖರ್ಚನ್ನೂ ಕಾಂಟ್ರಾಕ್ಟ್ ಸಿಟಿ ಮೇಲೆ ಹಾಕೋ ಹಾಗಿಲ್ಲ. ಈ ಸೆಕ್ಷನ್ ಹೇಳೋದು ಕೌಂಟಿಗಳ ಬಗ್ಗೆ. ಪಕ್ಕದೂರಿನ ಜೊತೆ ಆದ್ರೆ ಯಾವ ಖರ್ಚು ಸೇರುತ್ತೆ ಅಂತ ನೀವೇ ಸಾಲು ಸಾಲಾಗಿ ಬರೆಸ್ಬೇಕು.

ಇನ್ನು ಪೆನ್ಷನ್. ಸ್ವಂತ ಇಲಾಖೆ ಮುಚ್ಚಿದ್ರೆ ಪೆನ್ಷನ್ ಭಾರ ಹೋಗುತ್ತೆ ಅಂತ ಸಭೆಗಳಲ್ಲಿ ಹೇಳೋದನ್ನ ಕೇಳಿರ್ತೀರಿ, ಅದು ಅರ್ಧ ಸತ್ಯ. ಇಲ್ಲೀವರೆಗೂ ದುಡಿದ ಆಫೀಸರ್‌ಗಳಿಗೆ ಕೊಡಬೇಕಾದ ಪೆನ್ಷನ್‌ನಲ್ಲಿ ದುಡ್ಡು ಕಟ್ಟದೆ ಉಳಿದಿರೋ ಬಾಕಿ ಇರುತ್ತಲ್ಲ, ಅದು ಇಲಾಖೆ ಮುಚ್ಚಿದ ಮೇಲೂ ನಿಮ್ಮ ಸಿಟಿದೇ, ಕ್ಯಾಲ್‌ಪರ್ಸ್‌ಗೆ (ರಾಜ್ಯದ ಪೆನ್ಷನ್ ಸಂಸ್ಥೆ) ವರ್ಷ ವರ್ಷ ಕಟ್ತಾ ಇರ್ಬೇಕು. ಅಂದ್ರೆ ಹಳೇ ಬಾಕಿಯೂ ಕಟ್ಟಿ, ಹೊಸ ಕಾಂಟ್ರಾಕ್ಟ್ ದರದೊಳಗೆ ಸೇರಿರೋ ಅವರ ಆಫೀಸರ್‌ಗಳ ಪೆನ್ಷನ್ನೂ ಕಟ್ತೀರಿ. ಉಳಿತಾಯದ ಲೆಕ್ಕದಲ್ಲಿ ಈ ಹಳೇ ಬಾಕಿಯ ಸಾಲು ಇಲ್ಲ ಅಂದ್ರೆ ಆ ಲೆಕ್ಕ ಅಪೂರ್ಣ, ಎದ್ದು ನಿಂತು ಕೇಳಿ.

ಹಂತ 5: ಕೇಸು ಬಿದ್ರೆ ಯಾರ ತಲೆ ಮೇಲೆ

ಪೊಲೀಸ್ ಕೆಲಸ ಅಂದ್ರೆ ಕೇಸುಗಳು ಬರುತ್ವೆ, ಪರಿಹಾರ ಮಿಲಿಯನ್‌ಗಟ್ಟಲೆ ಆಗಬಹುದು. ಕ್ಯಾಲಿಫೋರ್ನಿಯಾ ಸರ್ಕಾರಿ ಸಂಹಿತೆಯ 895.2ನೇ ಸೆಕ್ಷನ್ ಏನು ಹೇಳುತ್ತೆ ಅಂದ್ರೆ, ಎರಡು ಸರ್ಕಾರಿ ಸಂಸ್ಥೆಗಳು ಹೀಗೆ ಒಪ್ಪಂದ ಮಾಡ್ಕೊಂಡ್ರೆ ಆ ಕೆಲಸದಲ್ಲಿ ಆದ ತಪ್ಪಿನಿಂದ ಯಾರಿಗಾದ್ರೂ ಹಾನಿಯಾದ್ರೆ ಇಬ್ಬರೂ ಒಟ್ಟಾಗಿ ಹೊಣೆ, ಆಫೀಸರ್ ನಿಮ್ಮವರಲ್ಲದಿದ್ರೂ. ಆದ್ರೆ 895.4 ಪ್ರಕಾರ ಈ ಭಾರ ಯಾರು ಹೊರ್ಬೇಕು ಅಂತ ಇಬ್ಬರೂ ಒಪ್ಪಂದದಲ್ಲೇ ಬರ್ಕೋಬಹುದು. ಈ ಒಂದು ಪ್ಯಾರಾಗೆ ಇಂಡೆಮ್ನಿಟಿ ಅಂತ ಹೆಸರು, ಅಂದ್ರೆ ನನ್ನ ತಪ್ಪಿಗೆ ನಿನಗೆ ಬಂದ ನಷ್ಟ ನಾನೇ ತುಂಬಿಕೊಡ್ತೀನಿ ಅನ್ನೋ ಮಾತು. ಕರಡಿನಲ್ಲಿ ಈ ಪ್ಯಾರಾ ಹುಡುಕಿ, ಅದು ಎರಡೂ ಕಡೆಗೂ ಇದೆಯಾ ಒಂದೇ ಕಡೆಗಾ ನೋಡಿ. ಲಾಸ್ ಏಂಜಲಿಸ್ ಕೌಂಟಿಯಲ್ಲಂತೂ ಕಾಂಟ್ರಾಕ್ಟ್ ಸಿಟಿಗಳು ಸೇವೆಯ ದರದ ಮೇಲೆ ಇಂತಿಷ್ಟು ಶೇಕಡಾ ಅಂತ ಪರಿಹಾರ ನಿಧಿಗೆ ಬೇರೆಯಾಗೇ ಕಟ್ತಾವೆ.

ಸೇವೆ ಕೊಡೋ ಊರಿಗೆ ವಿಮೆ ಗಟ್ಟಿಯಾಗಿದೆಯಾ ಅನ್ನೋದನ್ನೂ ವಿಚಾರಿಸಿ, ಇದನ್ನ ಯಾರೂ ಕೇಳಲ್ಲ. ಲಾಸ್ ಏಂಜಲಿಸ್ ಹತ್ರ ಮೇವುಡ್ ಅನ್ನೋ ಊರು ಪಕ್ಕದ ಕುಡಹೈಗೆ ಕಾಂಟ್ರಾಕ್ಟ್ ಮೇಲೆ ಪೊಲೀಸ್ ಕೊಡ್ತಿತ್ತು. ಕೇಸುಗಳು ಜಾಸ್ತಿಯಾಗಿ, ಅದರಲ್ಲೂ ಪೊಲೀಸರ ಮೇಲಿನ ಕೇಸುಗಳು, ಮೇವುಡ್‌ನ ವಿಮೆನೇ ರದ್ದಾಯ್ತು. 2010ರಲ್ಲಿ ಅದು ತನ್ನ ಪೊಲೀಸ್ ಇಲಾಖೆ ಮುಚ್ಚಿ ಎಲ್ಲಾ ನೌಕರರನ್ನೂ ಮನೆಗೆ ಕಳಿಸ್ತು. ಕುಡಹೈ ಜನ ಮೇವುಡ್‌ನಲ್ಲಿ ಯಾರಿಗೂ ವೋಟ್ ಹಾಕಿರಲಿಲ್ಲ, ಆದ್ರೂ ಅವರ ಪೊಲೀಸೂ ಹೋಯ್ತು. ಎರಡೂ ಊರಿಗೆ ಕೊನೆಗೆ ಕೌಂಟಿ ಶೆರಿಫ್ ಬಂದ್ರು.

ಹಂತ 6: ಸೇವೆಯ ಗುಣಮಟ್ಟ ಅಳೆಯೋದು ಹೇಗೆ ಅಂತ ಬರೆಸಿ

ರೆಸ್ಪಾನ್ಸ್ ಟೈಮ್ 5 ನಿಮಿಷ ಅಂತ ಬರೆದಿರ್ತಾರೆ. ಯಾವಾಗಿನಿಂದ? ನೀವು ಫೋನ್ ಮಾಡಿದ ಕ್ಷಣದಿಂದನಾ, ಡಿಸ್ಪ್ಯಾಚ್‌ನವರು ಕಾರಿಗೆ ತಿಳಿಸಿದ ಮೇಲಿಂದನಾ? ಎರಡನೇದಾದ್ರೆ ನೀವು ಫೋನಲ್ಲಿ ಕಾದ ಸಮಯ ಲೆಕ್ಕಕ್ಕೇ ಬರಲ್ಲ. ಸರಾಸರಿ ಒಂದೇ ಕೊಟ್ರೆ ಸಾಕಾಗಲ್ಲ, ತುರ್ತು ಕರೆಗಳಲ್ಲಿ ನೂರಕ್ಕೆ ತೊಂಬತ್ತು ಎಷ್ಟು ನಿಮಿಷದೊಳಗೆ ಅಂತ ಕೇಳಿ.

ನೀವು ದುಡ್ಡು ಕೊಟ್ಟ ಕಾರು ಪಕ್ಕದೂರಿನ ಗಲಾಟೆಗೆ ಹೋಗುತ್ತೆ, ಅವರ ಕಾರು ನಿಮ್ಮೂರಿಗೆ ಬರುತ್ತೆ, ಅದು ಇರಲೇಬೇಕು, ಕಷ್ಟದಲ್ಲಿ ಗಡಿ ನೋಡ್ತಾ ಕೂರೋಕೆ ಆಗಲ್ಲ. ಆದ್ರೆ ತಿಂಗಳಿಗೆ ಎಷ್ಟು ಗಂಟೆ ಹೊರಗೆ ಹೋಯ್ತು, ಎಷ್ಟು ಗಂಟೆ ಒಳಗೆ ಬಂತು ಅಂತ ವರದಿ ಬರ್ಬೇಕು. ಎಲ್ಲಾ ವರದಿನೂ ಕೌನ್ಸಿಲ್ ಮುಂದೆ, ಬಹಿರಂಗ ಸಭೆಯಲ್ಲಿ, ಕನಿಷ್ಠ ಮೂರು ತಿಂಗಳಿಗೊಮ್ಮೆ. ನಿಮ್ಮೂರಿಗೆ ಅಂತಲೇ ಒಬ್ಬ ಕ್ಯಾಪ್ಟನ್ ಅಥವಾ ಲೆಫ್ಟಿನೆಂಟ್ ನಿಗದಿಯಾಗಿರ್ಲಿ, ಅವರ ಆಯ್ಕೆಯಲ್ಲಿ ನಿಮ್ಮ ಸಿಟಿ ಮ್ಯಾನೇಜರ್ ಅಭಿಪ್ರಾಯ ಕೇಳ್ಬೇಕು ಅನ್ನೋ ಸಾಲು ಇರಲಿ. ಕೌನ್ಸಿಲ್‌ಗೆ ಮುಖ್ಯಸ್ಥರನ್ನ ಬದಲಾಯಿಸೋ ಅಧಿಕಾರ ಇಲ್ಲದಾಗ ಈ ಸಾಲು ತುಂಬಾ ಉಪಯೋಗಕ್ಕೆ ಬರುತ್ತೆ.

ನಂಬರ್ ಪ್ಲೇಟ್ ಓದೋ ಕ್ಯಾಮೆರಾ ಇದ್ರೆ ಆ ಮಾಹಿತಿ ಯಾರದು, ಎಷ್ಟು ದಿನ ಇಡ್ತಾರೆ, ಯಾರ ಜೊತೆ ಹಂಚ್ಕೊಳ್ತಾರೆ ಅಂತಲೂ ಬರೆಸಿ. 2016ರಿಂದ ಇದಕ್ಕೆ ಲಿಖಿತ ನೀತಿ ಪ್ರಕಟಿಸ್ಬೇಕು ಅಂತ ರಾಜ್ಯದ ಕಾನೂನೇ ಇದೆ.

ವೀಸಾದಲ್ಲಿ ಇರೋರು ಭಯದಿಂದ ಕೇಳೋ ಪ್ರಶ್ನೆಗೂ ಇಲ್ಲೇ ಉತ್ತರ ಹೇಳ್ತೀನಿ. 2018ರಿಂದ ಜಾರಿಯಲ್ಲಿರೋ ಕ್ಯಾಲಿಫೋರ್ನಿಯಾ ವ್ಯಾಲ್ಯೂಸ್ ಕಾಯ್ದೆ ಪ್ರಕಾರ ಸ್ಥಳೀಯ ಪೊಲೀಸರು ನಿಮ್ಮ ವಲಸೆ ಸ್ಥಿತಿ ವಿಚಾರಿಸೋ ಹಾಗಿಲ್ಲ. ಇದು ಶೆರಿಫ್‌ಗೂ ಪಕ್ಕದೂರಿನ ಪೊಲೀಸರಿಗೂ ಒಂದೇ, ಕಾಂಟ್ರಾಕ್ಟ್ ಬದಲಾದ್ರೆ ಇದು ಬದಲಾಗಲ್ಲ. ಕಷ್ಟ ಬಂದ್ರೆ 911ಗೆ ಫೋನ್ ಮಾಡೋಕೆ ಹಿಂಜರೀಬೇಡಿ.

ಹಂತ 7: ಸಭೆಗೆ ಹೋಗಿ

ಬ್ರೌನ್ ಕಾಯ್ದೆ ಅಂತ 1953ರದ್ದು ಇದೆ, ಅದರ ಪ್ರಕಾರ ಕೌನ್ಸಿಲ್ ಸಭೆ ಬಹಿರಂಗವಾಗಿ ನಡೀಬೇಕು, ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮುಂಚೆ ಹಾಕ್ಬೇಕು. ಮಾತಾಡೋಕೆ ನೀವು ಅಮೆರಿಕದ ಪ್ರಜೆ ಆಗಿರ್ಬೇಕಿಲ್ಲ, ವೋಟ್ ಇರ್ಬೇಕಿಲ್ಲ. ಊರಿಗೆ ಬಂದಿರೋ ಅಪ್ಪ ಅಮ್ಮ ಕೂಡ ಎದ್ದು ಎರಡು ಮಾತು ಹೇಳಬಹುದು, ಅನುವಾದ ಮಾಡಿ ಹೇಳಿದ್ರೂ ನಡೆಯುತ್ತೆ.

ಎಚ್ಚರಿಕೆ: ಕಾಂಟ್ರಾಕ್ಟ್ ನವೀಕರಣವನ್ನ ಎಷ್ಟೋ ಸಲ ಕನ್ಸೆಂಟ್ ಕ್ಯಾಲೆಂಡರ್‌ನಲ್ಲಿ ಹಾಕಿರ್ತಾರೆ. ಅಂದ್ರೆ ಚರ್ಚೆ ಬೇಡದ ವಿಷಯಗಳ ಗಂಟು, ಹತ್ತು ಹದಿನೈದು ವಿಷಯ ಒಂದೇ ವೋಟಲ್ಲಿ ಪಾಸಾಗುತ್ತೆ. ಅಜೆಂಡಾ ಬಂದ ತಕ್ಷಣ ಆ ಭಾಗ ಓದಿ, ನಿಮ್ಮ ಕೌನ್ಸಿಲ್ ಸದಸ್ಯರಿಗೆ ಇದನ್ನ ಬೇರೆಯಾಗಿ ಚರ್ಚೆಗೆ ತೆಗೀರಿ ಅಂತ ಈಮೇಲ್ ಮಾಡಿ. ಮಾತಾಡುವಾಗ ಒಂದೇ ಪ್ರಶ್ನೆ, ಪುಟದ ನಂಬರ್ ಹೇಳಿ ಕೇಳಿ, ನಿಮಗೆ ಸಿಗೋದು ಸಾಮಾನ್ಯವಾಗಿ ಎರಡು ಮೂರು ನಿಮಿಷ ಅಷ್ಟೇ.

ಸ್ವಂತ ಇಲಾಖೆ ಮುಚ್ಚೋ ಪ್ರಸ್ತಾಪ ಇದ್ರೆ ಆಫೀಸರ್‌ಗಳ ಯೂನಿಯನ್ ಜೊತೆ ಸಿಟಿ ಮಾತುಕತೆ ನಡೆಸ್ಬೇಕಾಗುತ್ತೆ, ಅದಕ್ಕೆ 1968ರ ಬೇರೆ ಕಾನೂನಿದೆ, ಆ ಮಾತುಕತೆಗೆ ತಿಂಗಳುಗಟ್ಟಲೆ ಹಿಡಿಯಬಹುದು. ಹಳೇ ಆಫೀಸರ್‌ಗಳಿಗೆ ಹೊಸ ಕಡೆ ಕೆಲಸ ಸಿಗುತ್ತಾ ಅಂತ ಕೇಳೋದು ಮಾನವೀಯತೆ ದೃಷ್ಟಿಯಿಂದಲೂ ಬೇಕು, ನಿಮ್ಮ ಬೀದಿ ಬೀದಿ ಗೊತ್ತಿರೋರು ಉಳೀತಾರೆ ಅನ್ನೋ ದೃಷ್ಟಿಯಿಂದಲೂ ಬೇಕು.

ಹಂತ 8: ಬದಲಾವಣೆಯ ದಿನಕ್ಕೆ ತಯಾರಿ

ಇದನ್ನ ಸಿಟಿಯವರು ನೋಡ್ಕೊಳ್ತಾರೆ, ನೀವು ಕೇಳ್ಬೇಕಾಗಿರೋದು ಸ್ವಲ್ಪನೇ. ಹಳೇ ಕೇಸ್ ಫೈಲ್, ವಶಪಡಿಸಿಕೊಂಡ ಬಂದೂಕು, ಲೈಂಗಿಕ ದೌರ್ಜನ್ಯದ ಕೇಸುಗಳ ಸಾಕ್ಷ್ಯ ಯಾರ ವಶಕ್ಕೆ, ಎಣಿಸಿ ಸಹಿ ಹಾಕಿಸ್ಕೊಂಡು ಹಸ್ತಾಂತರ ಮಾಡ್ತಾರಾ. ತುರ್ತಲ್ಲದ ಕರೆಯ ನಂಬರ್ ಬದಲಾಗುತ್ತಾ, ಬದಲಾದ್ರೆ ಅಪಾರ್ಟ್‌ಮೆಂಟ್, ಶಾಲೆ, ದೇವಸ್ಥಾನಗಳಿಗೆ ಮುಂಚೆನೇ ತಿಳಿಸ್ತಾರಾ. ನಿಮ್ಮ ಮನೆ ಅಲಾರಂ ಕಂಪನಿಗೂ ಹೇಳಿ.

ಹಂತ 9: ಹೊರಗೆ ಬರೋ ದಾರಿ

ಕಾಂಟ್ರಾಕ್ಟ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ಯಾರಾ ನನ್ನ ಪ್ರಕಾರ ಇದೇ. ಒಂದ್ಸಲ ಸ್ವಂತ ಇಲಾಖೆ ಮುಚ್ಚಿ, ಕಾರು ರೇಡಿಯೋ ಮಾರಿ, ಸ್ಟೇಷನ್ ಕಟ್ಟಡ ಬೇರೆ ಕೆಲಸಕ್ಕೆ ಕೊಟ್ಟ ಮೇಲೆ ಮತ್ತೆ ಕಟ್ಟೋದು ವರ್ಷಗಳ ಕೆಲಸ. ಅದು ಗೊತ್ತಿರೋ ಪೂರೈಕೆದಾರರ ಮುಂದೆ ನಿಮ್ಮ ಮ್ಯಾನೇಜರ್ ದರ ಚೌಕಾಸಿ ಮಾಡೋಕೆ ಕೂತಾಗ ಕೈಯಲ್ಲಿ ಏನೂ ಇರಲ್ಲ. ಅದಕ್ಕೆ ಕಟ್ಟಡದ ಮಾಲೀಕತ್ವ ಬಿಡಬೇಡಿ, ನಿಮ್ಮ ದುಡ್ಡಲ್ಲಿ ತಗೊಂಡ ಕಾರುಗಳು ಮತ್ತು ನಿಮ್ಮೂರಿನ ದಾಖಲೆಗಳು ಕಾಂಟ್ರಾಕ್ಟ್ ಮುಗಿದ ಮೇಲೆ ನಿಮ್ಮವೇ ಅಂತ ಬರೆಸಿ.

ಬಿಡೋ ನೋಟಿಸ್ ಒಂದೂವರೆ ವರ್ಷ ಆದ್ರೂ ಇರಲಿ, ಎರಡೂ ಕಡೆಗೂ. ಆರು ತಿಂಗಳಲ್ಲಿ ಇನ್ನೊಬ್ಬರನ್ನ ಹುಡುಕೋಕೆ ಆಗಲ್ಲ. ಯೋರ್ಬಾ ಲಿಂಡಾ ಅನ್ನೋ ಊರು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಪಕ್ಕದ ಬ್ರಿಯಾ ಪೊಲೀಸರ ಸೇವೆಯಲ್ಲಿತ್ತು, 2012ರಲ್ಲಿ ಬಿಟ್ಟು 2013ರಿಂದ ಆರೆಂಜ್ ಕೌಂಟಿ ಶೆರಿಫ್ ಕಡೆ ಹೋಯ್ತು. ಅಷ್ಟು ಹಳೇ ಸಂಬಂಧನೂ ಮುಗಿಯುತ್ತೆ. ನೀವು ಸೇವೆ ಕೊಡೋ ಊರಿನ ನಿವಾಸಿಯಾಗಿದ್ರೆ ಇದನ್ನ ಆ ಕಡೆಯಿಂದ ಓದಿ: ಆ ದುಡ್ಡು ನಂಬಿ ನೇಮಕ ಮಾಡ್ಕೊಂಡ ಆಫೀಸರ್‌ಗಳು ಗಿರಾಕಿ ಹೋದ ಮೇಲೂ ನಿಮ್ಮ ಸಂಬಳದ ಪಟ್ಟಿಯಲ್ಲೇ ಇರ್ತಾರೆ.

ಕೊನೇದಾಗಿ ಒಂದು ದಿನಾಂಕ. ಕೆಲವು ಕಾಂಟ್ರಾಕ್ಟ್‌ಗಳು ಇಂತಾ ದಿನದೊಳಗೆ ಬೇಡ ಅಂತ ತಿಳಿಸದಿದ್ರೆ ತಾನಾಗೇ ಮುಂದುವರಿಯುತ್ವೆ. ನಿಮ್ಮೂರಿನ ಕಾಂಟ್ರಾಕ್ಟ್‌ನಲ್ಲಿ ಆ ದಿನ ಯಾವುದು ಅಂತ ಹುಡುಕಿ, ಅದಕ್ಕೆ ಆರು ತಿಂಗಳು ಮುಂಚೆ ಫೋನಲ್ಲಿ ರಿಮೈಂಡರ್ ಹಾಕಿ, ಆ ವಾರ ಸಿಟಿ ಮ್ಯಾನೇಜರ್‌ಗೆ ಬರೆದು ಈ ಸಲ ಬೇರೆ ಊರುಗಳಿಂದಲೂ ದರ ತರಿಸ್ತೀರಾ ಅಂತ ಕೇಳಿ.